ಕರಡಿಗೆ ಮೊಳೆಗೆ ತೂಗಿದ ಶ್ರಾವಣ

ಮೊನ್ನೆ ಯಡ್ರಾವದ ಹಾದಿಯಲ್ಲಿ ನಾನು ಕೂತಿದ್ದ ರಿಕ್ಷಾ ಒಂದು ಸಾಯ್ಜಿಂಗ್ ಕಾರ್ಖಾನೆಯ ಎದುರು ಕೆಟ್ಟು ನಿಂತಿತು. ಜಿಟಿಜಿಟಿ ಮಳೆ. ಒಳಗೆ ನೂಲಿಗೆ ಕುಡಿಸುವ ಗಂಜಿ ಕುದಿಯುತ್ತಿತ್ತು. ಹೊಸಬರು ಆ ಹುಳಿ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಅಡುಗೆಮನೆಯ ವಾಸನೆಯಷ್ಟೇ ರೂಢಿ. ಆದರೂ ಅವತ್ತು ಮೂಗಿಗೆ ಬಡಿದದ್ದೇ ತಡ, ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ನೆನಪಾಗಿ ಮನಸ್ಸು ಚುರ್ ಎಂದಿತು. ಆ ಶ್ರಾವಣದಲ್ಲಿ ಇದೇ ವಾಸನೆಯನ್ನು ಸೀರೆಗೆ ಅಂಟಿಸಿಕೊಂಡು ದಿನವೂ ಸಂಜೆ ಮನೆಗೆ ಹೋಗುತ್ತಿದ್ದೆ. ಏನೂ ಆಗದವಳ ಹಾಗೆ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಆ ರೊಟ್ಟಿ ನನಗೆ ಇವತ್ತಿಗೂ ಅರಗಿಲ್ಲ.

ನನ್ನ ತವರು ಗಡಹಿಂಗ್ಲಜ. ಕೊಟ್ಟದ್ದು ಇಚಲಕರಂಜಿಗೆ. ನಮ್ಮವರು ಬಸವರಾಜ, ಯಡ್ರಾವದಲ್ಲಿ ಮಗ್ಗದ ಶೆಡ್ಡು ನಡೆಸುತ್ತಾರೆ. ನೇಯ್ದು ಬಂದ ಬಟ್ಟೆಯನ್ನು ಮೇಜಿನ ಮೇಲೆ ಎಳೆದೆಳೆದು ನೋಡುವುದು ನನ್ನ ಕೆಲಸ. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ, ಎಲ್ಲ ಹುಡುಕಿ ಗುರುತು ಹಾಕಬೇಕು. ಅದೇ ಚಾಳಿ ಮನೆಯಲ್ಲೂ ಮುಂದುವರಿಯುತ್ತದೆ. “ನಿನಗ ದೇವರ ಫೋಟೋದಾಗೂ ಒಂದ ತಪ್ಪ ಕಾಣತೈತಿ ನೋಡ” ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ. ಇಂಥ ಕಣ್ಣಿನವಳಿಗೆ ತನ್ನ ಎಡ ಎದೆಯೊಳಗಿನ ಗಂಟು ಮಾತ್ರ ತಡವಾಗಿ ಸಿಕ್ಕಿತು.

ಕೊಲ್ಹಾಪುರದಲ್ಲಿ ಆ ಎದೆ ತೆಗೆದರು. ತೆಗೆಯುವ ಮೊದಲೇ ಡಾಕ್ಟರಬಾಯಿ, ಬೇಕಾದರೆ ಅದೇ ಜಾಗದಲ್ಲಿ ಸಿಲಿಕಾನಿನದೊಂದನ್ನು ಕೂಡಿಸಬಹುದು, ಹೊರಗಿನಿಂದ ನೋಡಿದರೆ ಮೊದಲಿನ ಹಾಗೇ ಇರುತ್ತದೆ ಎಂದಿದ್ದರು. ನನಗೆ ಆಸೆ ಇತ್ತು. ಬಾಯಿ ಬಿಟ್ಟು ಹೇಳಲು ನಾಚಿಕೆ. ನೋಡಲು ಬಂದ ಬೀಗರು ಬಿಜ್ಜರೆಲ್ಲ ಹಾಸಿಗೆಯ ಸುತ್ತ ಕೂತು, ಮಕ್ಕಳು ಕೈಗೆ ಬಂದಿದ್ದಾರೆ, ಇನ್ನು ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ, ಜೀವ ಉಳಿದರೆ ಸಾಲದೇ ಎಂದು ತಾವೇ ತೀರ್ಮಾನ ಮಾಡುತ್ತಿದ್ದರು. ಆಗ ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆ ಗಂಗವ್ವ ಎದ್ದು ನಿಂತರು.

“ದಿನಾ ಮುಂಜಾನೆ ಕನ್ನಡಿ ಮುಂದ ನಿಂದ್ರಾಕಿ ಆಕಿ. ಎದಿ ಹೋಗಾಕತ್ತಿದ್ದು ಆಕೀದು. ನಿಮ್ಮದೇನ ಹೋಗಾಕತ್ತೈತಿ?” ಎಂದರು.

ಸೆರಗು ತಲೆಯಿಂದ ಜಾರಗೊಡದ, ಗಂಡನ ಹೆಸರನ್ನು ಜನ್ಮದಲ್ಲಿ ಹೇಳದ ಮುದುಕಿ, ತುಂಬಿದ ಕೋಣೆಯಲ್ಲಿ ಸೊಸೆಯ ಎದೆಯ ಮಾತಾಡಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಆಮೇಲೆ ನಮ್ಮ ಬಳಗದಲ್ಲಿ ಅದೇ ಸುದ್ದಿ. ಗಂಗವ್ವನಿಗೆ ಮುಪ್ಪಿನಲ್ಲಿ ಫ್ಯಾಶನ್ನಿನ ಹುಚ್ಚು ಹಿಡಿದಿದೆ ಎಂದು ನಕ್ಕವರೂ ಇದ್ದರು. ಅತ್ತೆ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿಲಿಕಾನಿನದನ್ನು ಹಾಕಿಸಿಕೊಂಡ ಮೇಲೆ ಒಂದೆರಡು ವರ್ಷ ಚೆನ್ನಾಗಿಯೇ ಇತ್ತು. ಜಂಪರು ಸರಿಯಾಗಿ ಕೂಡುತ್ತಿತ್ತು, ನಾನೂ ಮರೆತಿದ್ದೆ. ಆಮೇಲೆ ಮೆಲ್ಲಗೆ ಬಿಗಿಯತೊಡಗಿತು. ಮೊದಲು ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ, ಆಮೇಲೆ ಒಣ ಕೊಬ್ಬರಿಯ ಗಿಟಕ ಒಳಗೆ ಸಿಕ್ಕಿಕೊಂಡ ಹಾಗೆ. ಮೇಲಿನ ಹಲಗೆಯ ಡಬ್ಬಿ ತೆಗೆಯಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರಬಾಯಿ ಮುಟ್ಟಿ ನೋಡಿ, ಹೊರಗಿನ ವಸ್ತು ಮೈಯೊಳಗೆ ಬಂದರೆ ಮೈ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ, ಕೆಲವರಲ್ಲಿ ಆ ಪೊರೆ ಬಿಗಿದು ಗಟ್ಟಿಯಾಗುತ್ತದೆ, ನಿಮ್ಮ ಹಾಗೆ ಕರೆಂಟು ಕೊಟ್ಟವರಲ್ಲಿ ಹೆಚ್ಚು ಎಂದರು. ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಎಂದೇ ಹೇಳುವುದು. ಹಳೆಯ ರೋಗ ತಿರುಗಿ ಬಂದಿಲ್ಲ, ಘಾಬರಿ ಬೇಡ ಎಂದೂ ಹೇಳಿದರು. ಬೇರೆಯದನ್ನು ಹಾಕಬಹುದು, ಬೆನ್ನಿನದೋ ಹೊಟ್ಟೆಯದೋ ಮಾಂಸ ತಂದು ಕೂಡಿಸಬಹುದು, ಇಲ್ಲವೆ ಪೊರೆಯ ಸಮೇತ ತೆಗೆದು ಸಪಾಟ ಹೊಲಿದು ಬಿಡಬಹುದು. ಅವಸರವಿಲ್ಲ, ಮನೆಯಲ್ಲಿ ಮಾತಾಡಿ ಬನ್ನಿ.

ನನಗೆ ಮಾತಾಡುವುದೇನೂ ಇರಲಿಲ್ಲ. ತೆಗೆದು ಸಪಾಟ ಮಾಡಿಬಿಡಿ ಎಂದು ನನ್ನ ಮೈ ಆ ಕುರ್ಚಿಯಲ್ಲೇ ಹೇಳಿತ್ತು. ಆದರೆ ಅವಸರವಿಲ್ಲ ಎಂಬ ಮಾತೇ ನನ್ನನ್ನು ಕಟ್ಟಿಹಾಕಿತು. ಜೀವಕ್ಕೆ ಅಪಾಯವಿದ್ದರೆ ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ಇದು ನನ್ನ ಇಷ್ಟ ಮಾತ್ರ. ನನಗಾಗಿ ಊರ ಬಾಯಿ ಮುಚ್ಚಿಸಿದ ಅತ್ತೆಯ ಮುಂದೆ ಹೋಗಿ, ನೀವು ಜಗಳಾಡಿ ಕೊಡಿಸಿದ್ದು ನನಗೀಗ ಬೇಡವಾಗಿದೆ ಎನ್ನುವುದು ಹೇಗೆ? ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ನಾಲ್ಕು ಬಗೆಯಲ್ಲಿ ಹೇಳಿ ನೋಡಿದೆ. ನಾಲ್ಕರಲ್ಲೂ ನಾನೇ ಕೃತಘ್ನೆ.

ಪಂಚಮಿಗೆ ಗಡಹಿಂಗ್ಲಜಕ್ಕೆ ಹೋದೆ. ಹಿತ್ತಲಿನ ಬೇವಿನ ಮರಕ್ಕೆ ಅಣ್ಣ ಪ್ರತಿವರ್ಷದಂತೆ ಜೋಕಾಲಿ ಕಟ್ಟಿಸಿದ್ದ. ಎಲ್ಲರೂ ಜೀಕಿದರು. ನಾನು ಹಗ್ಗ ಹಿಡಿಯಲು ಎಡಗೈ ಎತ್ತಲಾರದೆ, ತಲೆ ತಿರುಗುತ್ತದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ. ಅವ್ವ ಉಂಡಿ ಕಟ್ಟುತ್ತಿದ್ದಳು. ಅವಳೊಬ್ಬಳಿಗೆ ಎಲ್ಲ ಹೇಳಿದೆ. ಅವಳ ಕೈ ಪುಟಾಣಿ ಹಿಟ್ಟಿನಲ್ಲಿ ಹಾಗೇ ನಿಂತಿತು.

“ನಿಮ್ಮ ಅತ್ತೀ ಮುಂದ ಹೇಳೀಯೇನ?”

“ಇಲ್ಲಬೇ.”

“ಆಕಿ ನಿನ್ನ ಸಂಬಂಧ ಮಂದಿ ಕಡಿಂದ ಮಾತ ತಿಂದಾಳ. ಸ್ವಂತ ತಾಯಿ ನಾ, ನಾನೂ ಅವತ್ತ ಬಾಯಿ ಬಿಡಲಿಲ್ಲ. ಆಕಿ ಬಿಟ್ಟಳು. ಆಕೀ ಮನಸ್ಸ ಮುರದು ಏನೂ ಮಾಡಬ್ಯಾಡ.”

“ಬ್ಯಾನಿ ತಡಕೊಂಡ ಇರಲೇನಬೇ ಹಂಗಾರ?”

ಅವ್ವ ಒಂದು ಉಂಡಿ ನನ್ನ ಕೈಯಲ್ಲಿಟ್ಟಳು. ಹೇಳಿ ಹಗುರಾಗೋಣ ಎಂದು ಹೋದವಳು ಇನ್ನಷ್ಟು ಭಾರ ಹೊತ್ತು ಬಂದೆ.

ಈಗ ಕರಡಿಗೆಯ ಮಾತು ಹೇಳಬೇಕು. ನಾವು ಲಿಂಗ ಕಟ್ಟುವವರು. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿಟ್ಟು, ದಾರದಲ್ಲಿ ಕೊರಳಿಗೆ ಹಾಕಿಕೊಂಡರೆ ಅದು ಎದೆಯ ಮೇಲೆ ಬಂದು ಕೂಡುತ್ತದೆ. ಮೈಮೇಲಿನಿಂದ ಅದನ್ನು ತೆಗೆಯಬಾರದು. ತೆಗೆದು ಊಟ ಮಾಡುವುದಂತೂ ಇಲ್ಲವೇ ಇಲ್ಲ. ಈಗಿನವರು ಇಷ್ಟೆಲ್ಲ ನಡೆಸುವುದಿಲ್ಲ, ಆದರೆ ನಮ್ಮ ಅತ್ತೆಯ ಮನೆಯಲ್ಲಿ ನಡೆಯುತ್ತಿತ್ತು, ನಾನೂ ನಡೆಸುತ್ತಿದ್ದೆ. ಆ ಶ್ರಾವಣದಲ್ಲಿ ಮೇಜಿನ ಮೇಲೆ ಬಾಗಿ ಬಟ್ಟೆ ನೋಡುವಾಗ ಕರಡಿಗೆ ಎದೆಗೂ ಮೇಜಿಗೂ ನಡುವೆ ಸಿಕ್ಕಿ, ಆ ಗಟ್ಟಿಯ ಮೇಲೆ ಒತ್ತಿ ಜೀವ ಹೋದಂತಾಗುತ್ತಿತ್ತು. ದಾರ ಗಿಡ್ಡ ಮಾಡಿ ನೋಡಿದೆ, ಬಲಕ್ಕೆ ಸರಿಸಿ ನೋಡಿದೆ. ಕಡೆಗೆ ಒಂದು ದಿನ ಮುಂಜಾನೆ ಪೂಜೆ ಮುಗಿದ ಮೇಲೆ ಅದನ್ನು ದೇವರ ಜಗುಲಿಯ ಮಗ್ಗುಲಿಗೆ, ಫೋಟೋದ ಹಿಂದಿನ ಮೊಳೆಗೆ ತೂಗುಹಾಕಿ ಹೋದೆ. ಮರುದಿನ ಪೂಜೆಗೆ ಮತ್ತೆ ತೆಗೆದುಕೊಂಡೆ. ಅದೇ ರೂಢಿಯಾಯಿತು. ಸೆರಗಿನ ಕೆಳಗೆ ಲಿಂಗ ಇದೆಯೋ ಇಲ್ಲವೋ ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಶಿವನಿಗೆ ಮಾತ್ರ ಒಳಗೊಳಗೇ ತಪ್ಪಾಯಿತು ಎನ್ನುತ್ತಿದ್ದೆ.

ಅದೇ ಹೊತ್ತಿಗೆ ಅತ್ತೆ ರಾತ್ರಿಯ ಊಟ ಬಿಟ್ಟರು. ಶ್ರಾವಣ ಸೋಮವಾರ ಒಪ್ಪತ್ತು ಮಾಡುವುದು ಅವರಿಗೆ ಹೊಸದಲ್ಲ. ಆ ವರ್ಷ ದಿನವೂ ಶುರುವಾಯಿತು. ನಮಗೆಲ್ಲ ರೊಟ್ಟಿ ಬಡಿಸಿ, ತಾವು ಗೋಡೆಗೆ ಆತು ಕೂತು ನಾವು ಉಣ್ಣುವುದನ್ನು ನೋಡುತ್ತಿದ್ದರು. ನಾನು ಎಂದಿನ ಹಾಗೆ ಕೀಟಲೆ ಮಾಡಿದೆ. “ಏನ್ರಿ ಅತ್ಯಾರ, ಈ ವರ್ಷ ಕೈಲಾಸದಾಗ ಜಾಗಾ ಹಿಡ್ಯಾಕ ಹೊಂಟೀರೇನ್ರಿ?”

“ಹೂಂ. ನಿನಗೂ ಒಂದ ಹಿಡದಿರತೇನಿ, ಉಣ್ಣ” ಎಂದರು.

ನಾನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮಳೆ ಜೋರಾಯಿತು. ಪಂಚಗಂಗೆಯ ನೀರು ಏರಿ ಕೆಳಗಿನ ಓಣಿಗಳಿಗೆ ನುಗ್ಗುವ ಭಯ ಶುರುವಾಗಿತ್ತು. ಅಂಥ ಒಂದು ಸಂಜೆ ಶೆಡ್ಡಿನಿಂದ ಬಂದು ನೋಡಿದರೆ ಅತ್ತೆ ಒಲೆಯ ಮುಂದೆ ಒರಗಿಬಿಟ್ಟಿದ್ದರು. ಹಿಟ್ಟಾದ ಕೈ, ತೆರೆದ ಕಣ್ಣು, ಮಾತಿಲ್ಲ. ಓಣಿಯ ಡಾಕ್ಟರು ಬಂದು ನೋಡಿ, ಬಿಪಿ ಗುಳಿಗೆ ನುಂಗಿ ಹೊಟ್ಟೆ ಖಾಲಿ ಇಟ್ಟರೆ ಇನ್ನೇನಾಗುತ್ತದೆ ಆಜಿ, ಎಂದು ಮರಾಠಿಯಲ್ಲಿ ಗದರಿ, ಸಕ್ಕರೆ ಉಪ್ಪಿನ ನೀರು ಕುಡಿಸಿ ಹೋದರು.

ಅವರು ಹೋದ ಮೇಲೆ ನಾನು ಶುರು ಮಾಡಿದೆ. ಹೆದರಿಕೆಯಲ್ಲಿ ನನ್ನ ಬಾಯಿ ಯಾವಾಗಲೂ ಜೋರು. “ಸಾಕ್ರಿ ಈ ಒಪ್ಪತ್ತು. ಇಷ್ಟ ವಯಸ್ಸಾಗಿ ಯಾರಿಗೆ ತೋರಸಾಕ ಮಾಡಾಕತ್ತೀರಿ? ಇವತ್ತಿಂದ ಎರಡೂ ಹೊತ್ತ ಉಣಬೇಕು. ನಾ ಕೇಳೂದಿಲ್ಲ.”

ಅತ್ತೆ ಮಲಗಿದಲ್ಲಿಂದಲೇ ನನ್ನನ್ನು ನೋಡಿದರು. ದನಿ ಸಣ್ಣದಾಗಿತ್ತು. “ನೀ ಲಿಂಗ ಕಟ್ಟಿಕೋ ಶೈಲಾ. ನಾ ಉಣತೇನಿ.”

ನನ್ನ ಕೈ ಸೆರಗಿನ ಕೆಳಗೆ, ಕರಡಿಗೆ ಇರಬೇಕಾದ ಜಾಗಕ್ಕೆ ಹೋಯಿತು.

“ಲಿಂಗ ಮೈಮ್ಯಾಲ ಇಲ್ಲದ ಉಣ್ಣಾಕ ಬರೂದಿಲ್ಲಲ್ಲ. ನೀ ಉಣಾಕತ್ತಿದ್ದಿ. ಉಣಬ್ಯಾಡ ಅಂತ ನಿನಗ ಹೆಂಗ ಹೇಳಲಿ, ದೊಡ್ಡ ಬ್ಯಾನಿಯಿಂದ ಎದ್ದ ಜೀವ. ಅದಕ್ಕ ನಿನ್ನ ಪಾಲಿಂದು ನಾ ಬಿಟ್ಟೆ. ಮಧ್ಯಾಹ್ನ ಶೆಡ್ಡಿನ್ಯಾಗ ಉಣತಿದ್ದಿ, ಅದನ್ನ ನಾ ನೋಡಿಲ್ಲ. ರಾತ್ರೀದು ಕಣ್ಣಮುಂದ ಆಗತಿತ್ತು.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು, “ಫೋಟೋದ ಹಿಂದ ಕರಡಿಗಿ ಕಂಡಾಗ, ಶಿವ ಇಷ್ಟೆಲ್ಲಾ ತ್ರಾಸ ಕೊಟ್ಟಾನಂತ ನೀ ಅವನ ಮ್ಯಾಲ ಸಿಟ್ಟಾಗಿ ತಗದಿಟ್ಟಿ ಅಂದ್ಕೊಂಡೆ. ಸಿಟ್ಟ ಇಳಿಯೂ ತನಕ ನಾ ಸಂಭಾಳಸ್ತೇನಿ ಅಂತ ಅವಗ ಹೇಳಿದ್ದೆ.”

ನಾನು ಬಟ್ಟೆಯಲ್ಲಿ ಒಂದು ಎಳೆ ತಪ್ಪಿದರೆ ಹಿಡಿಯುವವಳು. ನನ್ನ ಎದುರಿಗೆ ಗೋಡೆಗೆ ಆತು ಕೂತು ದಿನವೂ ನನಗಾಗಿ ಹಸಿದಿದ್ದವರನ್ನು ನೋಡಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರ ಕಾಲು ಹಿಡಿದುಕೊಂಡೆ. ಅಳುತ್ತಲೇ ಎಲ್ಲ ಹೇಳಿದೆ: ಸಿಟ್ಟಲ್ಲ, ನೋವು, ಕರಡಿಗೆ ಒತ್ತುತ್ತದೆ, ಇದನ್ನು ತೆಗೆಸಿಬಿಡಬೇಕು ಅನ್ನಿಸಿದೆ, ನಿಮಗೆ ಹೇಳಲು ಧೈರ್ಯವಾಗಲಿಲ್ಲ.

ಅತ್ತೆ ಬಾಗಿಲು ಹಾಕು ಎಂದರು. ಹಾಕಿದೆ.

“ತೋರಸು.”

ಅಷ್ಟು ವರ್ಷ ಅವರು ಅದನ್ನು ನೋಡಿರಲಿಲ್ಲ. ನಾನು ಜಂಪರು ಬಿಚ್ಚಿದೆ. ಅತ್ತೆ ಕೈಯಿಟ್ಟರು, ರೊಟ್ಟಿಯ ಹಿಟ್ಟು ಇನ್ನೂ ಉಗುರಿನಲ್ಲಿತ್ತು. ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದರು.

“ಇಷ್ಟ ಗಟ್ಟೀದು ನಿನ್ನ ಎದಿ ಮ್ಯಾಲ ನಾನಾ ಹೇರಿದ್ನೇನವ್ವಾ?”

“ಹಂಗನಬ್ಯಾಡ್ರಿ ಅತ್ಯಾರ. ನನಗ ಬೇಕಾಗಿತ್ರಿ. ನನ್ನ ಬಾಯಾಗಿನ ಮಾತ ನೀವು ಆಡಿದ್ರಿ.”

“ಬೇಕಾದಾಗ ಹಾಕಿಸಿದ್ವಿ. ಬ್ಯಾಡಾದಾಗ ತಗಸೋಣು. ಇದನ್ನ ಹೇಳಾಕ ಇಷ್ಟ ದಿನಾ ಬೇಕಾದವೇನ ನಿನಗ?”

ಆ ದಿನ ರಾತ್ರಿ ಇಬ್ಬರೂ ಒಂದೇ ತಾಟಿನಲ್ಲಿ ಅನ್ನ ಮಜ್ಜಿಗೆ ಉಂಡೆವು. ಕರಡಿಗೆಯನ್ನು ಅತ್ತೆಯೇ ಒಂದು ಮೆತ್ತನೆಯ ವಸ್ತ್ರದಲ್ಲಿ ಸುತ್ತಿ, ದಾರ ಇನ್ನೂ ಗಿಡ್ಡ ಮಾಡಿ, ನನ್ನ ಕೊರಳ ಕುಣಿಯ ಹತ್ತಿರ ಕೂಡುವ ಹಾಗೆ ಕಟ್ಟಿದರು. ಅದು ಒತ್ತುತ್ತಿರಲಿಲ್ಲ. ಮೊದಲೇ ಕೇಳಿದ್ದರೆ ಮೊದಲೇ ಕಟ್ಟುತ್ತಿದ್ದರು.

ನಮ್ಮವರಿಗೆ ಹೇಳಿದ್ದು ಮರುದಿನ ಶೆಡ್ಡಿನಲ್ಲಿ. ಮಗ್ಗಗಳ ಖಟಖಟದಲ್ಲಿ ಕೇಳಿಸದೆ ಅವರು ಮೇನ್ ಬಂದ್ ಮಾಡಿದರು. ಹಾಡುಹಗಲು ಮಗ್ಗ ನಿಂತದ್ದಕ್ಕೆ ಕೆಲಸದವರೆಲ್ಲ ತಿರುಗಿ ನೋಡಿದರು. ನಾನು ದನಿ ತಗ್ಗಿಸಿ ಹೇಳಿದೆ.

“ನನಗೇನ ಕೇಳತಿ?” ಎಂದರು. “ಮಗ್ಗಲಾ ಹೊರಳುವಾಗ ನೀ ಹಲ್ಲ ಕಚ್ಚೂದು ನನಗ ಕೇಳಸತೈತಿ.”

“ಮತ್ತ ಯಾಕ ಕೇಳಲಿಲ್ರಿ?”

“ನೀನಾ ಹೇಳ್ತಿ ಅಂತ ಕಾಯಾಕತ್ತಿದ್ದೆ. ನನಗ ಬೇಕಾಗಿದ್ದು ನೀ. ಅದಲ್ಲ.” ಹೀಗೆಂದವರೇ ನಾಚಿಕೆಯಾಗಿ ಮೇನ್ ಚಾಲೂ ಮಾಡಿಬಿಟ್ಟರು. ಈ ಮನುಷ್ಯನನ್ನೂ ನಾನು ನಂಬದೆ ಹೋದೆನಲ್ಲ ಎಂದು ಅವತ್ತೆಲ್ಲ ಬಟ್ಟೆಯ ತಪ್ಪುಗಳು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ.

ಆಮೇಲೆ ತಯಾರಿ. ರಕ್ತ ಕೊಟ್ಟೆ, ಇಸಿಜಿಯ ಪಟ್ಟಿ ತೆಗೆಸಿದೆ, ಬೆಳಗಾವಿಯಿಂದ ತರಿಸುತ್ತಿದ್ದ ಆಯುರ್ವೇದದ ಗುಳಿಗೆಗಳನ್ನು ಡಾಕ್ಟರಬಾಯಿ ಬಿಡಿಸಿದರು. ಆಪರೇಶನ್ ಆದ ಮೇಲೆ ಗಾಯದ ನೀರು ಇಳಿಯಲು ಮಗ್ಗುಲಲ್ಲಿ ನಳಿಗೆ ಇರುತ್ತದೆ, ಕೆಲವು ವಾರ ಕೈ ಎತ್ತುವಂತಿಲ್ಲ, ಮುಂದೆ ಗುಂಡಿ ಇರುವ ಸಡಿಲ ಜಂಪರು ಹೊಲಿಸಿಕೊಳ್ಳಿ ಎಂದರು. ಅತ್ತೆ ತಮ್ಮ ಪೆಟ್ಟಿಗೆಯಿಂದ ತೊಳೆದು ತೊಳೆದು ಮೆತ್ತಗಾದ ಒಂದು ನೂಲಿನ ಸೀರೆ ತೆಗೆದು ಹರಿದುಕೊಟ್ಟರು. ಟೇಲರ್ ಹೆಂಗಸು ಟೇಪು ಹಿಡಿದು, “ಮಾಪ ಈಗಿಂದ ಹಿಡೀಲೇನ್ರಿ ವೈನಿ, ಆಮ್ಯಾಲಿಂದು?” ಎಂದಳು. ಪಾಪ, ಅವಳ ಕಸುಬಿನ ಪ್ರಶ್ನೆ. ಎಡಕ್ಕೆ ಉಬ್ಬು ಬೇಡ, ನೆಟ್ಟಗೆ ಹೊಲಿ ಎಂದೆ. ಬೇಕೆಂದೇ ಬಿಡುವುದಾದರೂ, ಬಿಡುವುದು ಬಿಡುವುದೇ. ಆ ಎರಡು ವರ್ಷ ಕನ್ನಡಿಯಲ್ಲಿ ಸುಖ ಪಟ್ಟವಳು ನಾನೇ ಅಲ್ಲವೇ?

ಗೊತ್ತು ಮಾಡಿದ ದಿನಕ್ಕೆ ಹೊಳೆ ಬಂದು ಕೊಲ್ಹಾಪುರದ ರಸ್ತೆ ಬಂದ್ ಆಯಿತು. ಗಣಪತಿ ಹೋದ ಮೇಲೆ ಬನ್ನಿ ಎಂದರು. ಕಾಯುವ ಆ ದಿನಗಳಲ್ಲಿ ಅತ್ತೆ ದಿನವೂ ಬೆಳಿಗ್ಗೆ ನನ್ನ ತಲೆ ಬಾಚುವುದನ್ನು ಶುರುಮಾಡಿದರು. ಈಗಿಂದಲೇ ಯಾಕೆ ಎಂದರೆ, ಆಮೇಲೆ ನಾನು ಸಂಕೋಚ ಪಡಬಾರದು, ಈಗಲೇ ರೂಢಿಯಾಗಲಿ ಎಂಬುದು ಅವರ ಉತ್ತರ. ಅವರ ಬೆರಳು ಸಂದುವಾತದಿಂದ ಸೊಟ್ಟಗಾಗಿದ್ದವು. ಜಡೆಯೂ ಸೊಟ್ಟಗೇ ಬರುತ್ತಿತ್ತು. ಹಾಗೇ ಶೆಡ್ಡಿಗೆ ಹೋಗುತ್ತಿದ್ದೆ.

ಕೊನೆಗೆ ದಿನ ಬಂತು. ಅತ್ತೆ ಬರುವುದು ಬೇಡ ಎಂದರೂ ಕೇಳದೆ ಕಾರಿನಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದರು. ಆಸ್ಪತ್ರೆಯಲ್ಲಿ ನರ್ಸಬಾಯಿ ಹಸಿರು ಅಂಗಿ ಕೊಟ್ಟು, ಬಳೆ, ಓಲೆ, ಕೊರಳದ್ದು ಎಲ್ಲ ತೆಗೆಯಿರಿ ಎಂದಳು. ಕರಡಿಗೆಯ ಕಡೆ ಕೈ ಮಾಡಿದಳು. ಅತ್ತೆ ನಡುವೆ ಬಂದರು. “ಬಾಯೀ, ಹಾ ದಾಗಿನಾ ನಾಹೀ, ದೇವ ಆಹೇ.” ಒಡವೆಯಲ್ಲ, ದೇವರು. ನರ್ಸಬಾಯಿಗೂ ಗೊತ್ತಿತ್ತು, ಆದರೆ ಒಳಗೆ ಬಿಡುವಂತಿಲ್ಲ ಎಂದಳು. ನಾನು ತಲೆ ತಗ್ಗಿಸಿ ನಿಂತೆ. ಮತ್ತೆ ನನ್ನಿಂದಲೇ, ಮತ್ತೆ ಅದೇ.

ಅತ್ತೆ ನನ್ನ ಕೊರಳಿನ ದಾರ ಬಿಚ್ಚಿದರು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ತಮ್ಮ ಕೊರಳಿಗೇ ಕಟ್ಟಿಕೊಂಡು, ತಮ್ಮದರ ಮಗ್ಗುಲಲ್ಲಿ ಅದನ್ನು ಸರಿಯಾಗಿ ಕೂಡಿಸಿದರು. “ನನ್ನ ಎದಿ ಮ್ಯಾಲ ಜಾಗಾ ಐತಿ. ನೀ ಬರೂತನಕ ಎರಡೂ ಇಲ್ಲೇ ಇರತಾವ.”

“ಹಿಂಗ ನಡೀತೈತೇನ್ರಿ? ಮಠದ ಅಜ್ಜಾರಿಗೆ ಕೇಳೀರೇನ್ರಿ?”

“ಅಜ್ಜಾರಿಗೇನ ಗೊತ್ತ ಹೆಣ್ಣಮಕ್ಕಳ ಎದಿ ಬ್ಯಾನಿ?”

ನಗು ಬಂತು, ನಿಲ್ಲಲಿಲ್ಲ. ನಾನು ಹಿಂದಿನ ರಾತ್ರಿಯಿಂದ ನೀರೂ ಕುಡಿದಿರಲಿಲ್ಲ, ಡಾಕ್ಟರ ಕಟ್ಟಪ್ಪಣೆ. ಅವರೂ ಮುಂಜಾನೆಯಿಂದ ಏನೂ ಮುಟ್ಟಿರಲಿಲ್ಲ. “ನೀವು ಏನರ ತಿನ್ರಿ ಅತ್ಯಾರ. ಕೈ ಮುಗೀತೇನಿ. ಉಪಾಸ ಕುಂದ್ರಬ್ಯಾಡ್ರಿ” ಎಂದೆ. ಅವರು ಹೋಗು ಎಂದು ಬೆನ್ನು ಸವರಿದರು. ಒಳಗೆ ದೀಪದ ಕೆಳಗೆ ಮಲಗಿ ಸೂಜಿ ಚುಚ್ಚಿಸಿಕೊಳ್ಳುವಾಗ ನನ್ನ ಎದೆಯ ಚಿಂತೆ ನನಗಿರಲಿಲ್ಲ. ಆ ಮುದುಕಿ ಹೊರಗೆ ಹಸಿದು ಕೂತು ಮತ್ತೆ ಒರಗಿಬಿಟ್ಟರೆ ಎಂಬುದೊಂದೇ ಇತ್ತು.

ಎಚ್ಚರವಾದಾಗ ಬಾಯಿ ಒಣಗಿತ್ತು, ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿತ್ತು. ನಮ್ಮವರು ಮುಖದ ಹತ್ತಿರ ಬಾಗಿದರು. ಎಲ್ಲ ಚೆನ್ನಾಗಿ ಆಯಿತು ಎಂದು ಅವರು ಹೇಳುವ ಮೊದಲೇ ನಾನು ಕೇಳಿದೆ, “ಅತ್ಯಾರು ಏನರ ತಿಂದ್ರೇನ್ರಿ?”

ಅವರು ಒಂದು ಥರಾ ನೋಡಿದರು. “ತಿಂದಾಳ. ಕ್ಯಾಂಟೀನನ್ಯಾಗ ಕುಂತು ಎರಡ ಇಡ್ಲಿ ತಿಂದಾಳ. ನಾ ಮನೀ ಬುತ್ತಿ ತರಸ್ತೇನಿ ತಡಿ ಅಂದ್ರೂ ಕೇಳಲಿಲ್ಲ. ‘ಎಚ್ಚರಾದ ಕೂಡಲೆ ಆಕಿ ಇದನ್ನ ಕೇಳತಾಳ. ಇಲ್ಲ ಅನ್ನಾಕ ನನ್ನ ಕಡಿಂದ ಆಗೂದಿಲ್ಲ’ ಅಂದ್ಲು.”

ನನ್ನ ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಹೊರಗಿನ ನೀರನ್ನೂ ಮುಟ್ಟಿದವರಲ್ಲ. ಯಾತ್ರೆಗೆ ಹೋದರೂ ರೊಟ್ಟಿ ಕಟ್ಟಿಕೊಂಡು, ಹೊಳೆಯ ನೀರು ಸೋಸಿಕೊಂಡು ಕುಡಿದು ಬಂದವರು. ಒಂದು ಜನ್ಮ ಜೋಪಾನ ಮಾಡಿದ್ದನ್ನು ನನ್ನ ಒಂದು ಪ್ರಶ್ನೆಗೆ ಉತ್ತರ ಇರಲಿ ಎಂದು ಕ್ಯಾಂಟೀನಿನ ಮೇಜಿನ ಮೇಲೆ ಬಿಟ್ಟುಬಂದಿದ್ದರು. ಬಾಗಿಲಲ್ಲಿ ಅವರು ನಿಂತಿದ್ದರು, ಕೊರಳಲ್ಲಿ ಎರಡು ದಾರ. ನಾನು ಅಳತೊಡಗಿದೆ. ನರ್ಸಬಾಯಿ ನೋವೆಂದು ತಿಳಿದು ಓಡಿ ಹೋಗಿ ಇಂಜೆಕ್ಷನ್ ತಂದಳು. ನಾನು ಬೇಡ ಎನ್ನಲಿಲ್ಲ.